ದೇವರುಗಳ ಸೆರೆಮನೆ, ಟೈಟನ್‌ಗಳ ಸಿಟ್ಟು: ಡ್ರಾಗನ್ ಏಜ್‌ನ ಬ್ಲೈಟ್ ಎಲ್ಲಿಂದ ಬಂತು?

ಡ್ರಾಗನ್ ಏಜ್ ವಿಡಿಯೊ ಆಟಗಳ ಲೋಕದಲ್ಲಿ ಏಳು ದೇವರುಗಳು ನೆಲದಡಿ ಮಲಗಿದ್ದಾರೆ. ನೋಡುವುದಕ್ಕೆ ಅವರು ಡ್ರ್ಯಾಗನ್‌ಗಳು. ಟೆವಿಂಟರ್ ಅನ್ನುವ ಸಾಮ್ರಾಜ್ಯದ ಮನುಷ್ಯರು ಒಂದು ಕಾಲದಲ್ಲಿ ಇವರನ್ನು ಪೂಜಿಸುತ್ತಿದ್ದರು. ಅದೇ ಲೋಕದ ಎಲ್ಫ್ ಜನರಿಗೆ ಬೇರೆಯೇ ದೇವರುಗಳಿದ್ದಾರೆ. ಅವರನ್ನು ಒಬ್ಬ ಮೋಸ ಮಾಡಿ ಕೂಡಿಹಾಕಿದ ಅಂತ ಎಲ್ಫ್‌ಗಳು ಹೇಳುತ್ತಾರೆ. ಸೆರೆಯಲ್ಲಿ ಉಳಿದವರನ್ನು ಎಣಿಸುತ್ತಾ ಹೋದರೆ ಅಲ್ಲೂ ಏಳೇ ಸಿಗುತ್ತಾರೆ. ಎರಡು ಬೇರೆ ಜನ, ಎರಡು ಬೇರೆ ಧರ್ಮ, ಸಂಖ್ಯೆ ಮಾತ್ರ ಒಂದೇ. ಇದು ಸುಮ್ನೆ ಹಾಗೆ ಬಂದಿದ್ದಾ, ಇಲ್ಲಾ ಬರೆದವರು ಬೇಕಂತಲೇ ಇಟ್ಟಿದ್ದಾ?

ಅಭಿಮಾನಿಗಳು ಈ ಪ್ರಶ್ನೆಯನ್ನು ವರ್ಷಗಟ್ಟಲೆ ಹಿಡಿದು ಕೂತರು. ಅದರಿಂದ ಹುಟ್ಟಿದ ಥಿಯರಿಗಳು ಒಂದಕ್ಕೊಂದು ಎಷ್ಟು ಹೆಣೆದುಕೊಂಡಿವೆ ಅಂದರೆ, ಹೊಸದಾಗಿ ಆಡಲು ಶುರು ಮಾಡಿದವರಿಗೆ ತಲೆಬುಡ ಗೊತ್ತಾಗುವುದಿಲ್ಲ. ನನ್ನ ಅಕ್ಕನ ಮಗ ಬೇಸಿಗೆ ರಜೆಯಲ್ಲಿ ವಿಜಯನಗರದ ಮನೆಯಲ್ಲಿ ಕೂತು ಮೊದಲ ಆಟ ಮುಗಿಸಿದ. "ಚಿಕ್ಕಮ್ಮ, ಈ ಬ್ಲೈಟ್ ಅನ್ನೋದು ಎಲ್ಲಿಂದ ಬಂತು? ಆಟದಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಾರಲ್ಲ" ಅಂತ ಕೇಳಿದ. ಕೊನೆ ಗೊತ್ತಾದರೂ ಪರವಾಗಿಲ್ಲವಂತೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ. ನಾಲ್ಕನೇ ಆಟದ ಗುಟ್ಟುಗಳೂ ಇದರಲ್ಲಿ ಬರುತ್ತವೆ. ಆಡಿಯೇ ತಿಳಿಯಬೇಕು ಅನ್ನುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಆಡಿ ಮುಗಿಸಿ ಬನ್ನಿ.

ಈ ಸರಣಿಯನ್ನು ಮಾಡಿದ್ದು ಕೆನಡಾದ ಎಡ್ಮಂಟನ್‌ನಲ್ಲಿರುವ ಬಯೋವೇರ್. ಒರಿಜಿನ್ಸ್ 2009ರಲ್ಲಿ ಬಂತು, ಎರಡನೆಯದು 2011ರಲ್ಲಿ, ಇನ್‌ಕ್ವಿಸಿಷನ್ 2014ರಲ್ಲಿ, ವೇಲ್‌ಗಾರ್ಡ್ 2024ರಲ್ಲಿ. ಮೂರಕ್ಕೂ ನಾಲ್ಕಕ್ಕೂ ನಡುವೆ ಹತ್ತು ವರ್ಷ. ಥಿಯರಿಗಳು ಬೆಳೆದು ಗಟ್ಟಿಯಾದದ್ದು ಜಾಸ್ತಿ ಆ ಹತ್ತು ವರ್ಷದಲ್ಲೇ. ಕಥೆ ನಡೆಯುವ ಖಂಡದ ಹೆಸರು ಥೇಡಸ್.

ಬ್ಲೈಟ್ ಅಂದರೆ ಒಂದು ಸೋಂಕು. ಅದು ರಕ್ತದ ಮೂಲಕ ಹರಡುತ್ತದೆ. ತಗಲಿದವರು ಸಾಯುತ್ತಾರೆ, ಇಲ್ಲವೇ ಬುದ್ಧಿ ಕಳೆದುಕೊಂಡು ಬೇರೆ ಏನೋ ಆಗಿಬಿಡುತ್ತಾರೆ. ಅದು ಹರಡಿದ ಕಡೆ ಬೆಳೆ ಒಣಗುತ್ತದೆ, ಪ್ರಾಣಿಗಳು ಹುಚ್ಚಾಗುತ್ತವೆ. ಡಾರ್ಕ್‌ಸ್ಪಾನ್ ಅನ್ನುವ ಜೀವಿಗಳು ಈ ಸೋಂಕನ್ನು ಹೊತ್ತುಕೊಂಡು ನೆಲದಡಿಯ ಸುರಂಗಗಳಲ್ಲಿ ಅಲೆಯುತ್ತವೆ. ಅವುಗಳಿಗೆ ಸದಾ ಒಂದು ಹಾಡು ಕೇಳಿಸುತ್ತಿರುತ್ತದೆ. ಮಲಗಿರುವ ಹಳೆ ದೇವರುಗಳು ಕರೆಯುತ್ತಿರುವ ಹಾಡು ಅದು. ಅದರ ಜಾಡು ಹಿಡಿದು ಅವು ಅಗೆಯುತ್ತಾ ಹೋಗುತ್ತವೆ. ಅಗೆದು ಅಗೆದು ಒಬ್ಬ ದೇವರು ಸಿಕ್ಕಿದರೆ ಅವನಿಗೂ ಸೋಂಕು ತಗಲುತ್ತದೆ. ಆಗ ಅವನು ಆರ್ಚ್‌ಡೀಮನ್ ಆಗಿ ಎದ್ದು, ಡಾರ್ಕ್‌ಸ್ಪಾನ್ ಸೈನ್ಯವನ್ನು ಕಟ್ಟಿಕೊಂಡು ಮೇಲೆ ಬರುತ್ತಾನೆ. ಆ ಯುದ್ಧಕ್ಕೂ ಬ್ಲೈಟ್ ಅಂತಲೇ ಹೆಸರು.

ಒರಿಜಿನ್ಸ್ ಕಥೆ ಮುಗಿಯುವ ಹೊತ್ತಿಗೆ ಇಂಥ ಐದು ಯುದ್ಧ ಆಗಿರುತ್ತವೆ. ಮೊದಲನೆಯದು 192 ವರ್ಷ ನಡೆಯಿತು, ಎರಡನೆಯದು 90 ವರ್ಷ. ಆಮೇಲಿನದು 15, ಅದರ ನಂತರದ್ದು 12. ನಾವು ಒರಿಜಿನ್ಸ್‌ನಲ್ಲಿ ಆಡುವ ಐದನೆಯದು ಒಂದೇ ವರ್ಷದಲ್ಲಿ ಮುಗಿಯುತ್ತದೆ. ಸತ್ತ ದೇವರುಗಳ ಹೆಸರು ಕ್ರಮವಾಗಿ ದೂಮತ್, ಝಾಝಿಕೆಲ್, ತೋತ್, ಆಂಡೊರಾಲ್, ಉರ್ಥೆಮಿಯೆಲ್. ಉಳಿದವರು ಇಬ್ಬರು: ರಝಿಕೇಲ್ ಮತ್ತು ಲೂಸಕನ್. ಈ ಎರಡು ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಆರ್ಚ್‌ಡೀಮನ್‌ನನ್ನು ಯಾರು ಬೇಕಾದರೂ ಕೊಲ್ಲುವುದಕ್ಕೆ ಆಗುವುದಿಲ್ಲ. ಅವನ ದೇಹ ಸತ್ತರೆ ಆತ್ಮ ಹತ್ತಿರದ ಡಾರ್ಕ್‌ಸ್ಪಾನ್ ಒಳಗೆ ಹೋಗಿ ಮತ್ತೆ ಹುಟ್ಟುತ್ತದೆ. ಅದಕ್ಕೇ ಗ್ರೇ ವಾರ್ಡನ್ ಅನ್ನುವ ಯೋಧರ ಪಡೆ ಇದೆ. ಇವರು ಪಡೆ ಸೇರುವಾಗ ಡಾರ್ಕ್‌ಸ್ಪಾನ್ ರಕ್ತ ಬೆರೆಸಿದ ಪಾತ್ರೆಯಿಂದ ಕುಡಿಯಬೇಕು. ಕೆಲವರು ಅಲ್ಲೇ ಸಾಯುತ್ತಾರೆ. ಬದುಕಿದವರೂ ಸೋಂಕು ಹೊತ್ತುಕೊಂಡೇ ಬದುಕುತ್ತಾರೆ, ಸುಮಾರು 30 ವರ್ಷ ಕಳೆದ ಮೇಲೆ ಅವರಿಗೂ ಆ ಹಾಡು ಕೇಳಿಸತೊಡಗುತ್ತದೆ. ಕೊನೆಯ ಪೆಟ್ಟು ವಾರ್ಡನ್ ಹೊಡೆದರೆ ಆರ್ಚ್‌ಡೀಮನ್‌ನ ಆತ್ಮ ಆ ವಾರ್ಡನ್ ಒಳಗೆ ಬರುತ್ತದೆ. ಒಂದು ದೇಹದಲ್ಲಿ ಎರಡು ಆತ್ಮ ನಿಲ್ಲುವುದಿಲ್ಲ, ಇಬ್ಬರೂ ಸಾಯುತ್ತಾರೆ. ನಮ್ಮ ಪುರಾಣದಲ್ಲಿ ಹಾಲಾಹಲ ಬಂದಾಗ ಶಿವ ಕುಡಿದ. ಥೇಡಸ್‌ನಲ್ಲಿ ವಿಷ ಕುಡಿಯುವ ಪಾಳಿ ಸಾಮಾನ್ಯ ಜನರಿಗೆ ಬಂದಿದೆ: ಯಾವುದೋ ಹಳ್ಳಿಯ ಹುಡುಗ, ಜೈಲಿಂದ ಬಿಡಿಸಿಕೊಂಡು ಬಂದ ಕಳ್ಳ, ಮನೆ ಕಳೆದುಕೊಂಡ ಹೆಂಗಸು. ಈ ಸರಣಿಯ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಇದರಿಂದಲೇ.

ಒಂದು ಸೋಂಕು, ಮೂರು ಕಥೆ

ಬ್ಲೈಟ್ ಹೇಗೆ ಶುರುವಾಯಿತು ಅನ್ನುವುದಕ್ಕೆ ಥೇಡಸ್‌ನಲ್ಲಿ ಎಲ್ಲರಿಗಿಂತ ಗಟ್ಟಿ ದನಿಯಲ್ಲಿ ಉತ್ತರ ಹೇಳುವುದು ಚಾಂಟ್ರಿ, ಅಂದರೆ ಮನುಷ್ಯರ ಧರ್ಮಸಂಸ್ಥೆ. ಅವರಿಗೆ ಒಬ್ಬನೇ ದೇವರು, ಮೇಕರ್. ಅವನ ಮಾತನ್ನು ಜನರಿಗೆ ತಂದವಳು ಆಂಡ್ರಾಸ್ಟೆ. ಜನ ನಿದ್ದೆಯಲ್ಲಿ ಹೋಗುವ ಕನಸಿನ ಲೋಕಕ್ಕೆ ಫೇಡ್ ಅನ್ನುತ್ತಾರೆ. ಅದರ ನಡುವೆ ಮೇಕರ್‌ನ ಚಿನ್ನದ ನಗರ ಇತ್ತಂತೆ. ಟೆವಿಂಟರ್‌ನ ಏಳು ಮಾಂತ್ರಿಕ ಪುರೋಹಿತರು, ಒಬ್ಬೊಬ್ಬ ಹಳೆ ದೇವರಿಗೆ ಒಬ್ಬೊಬ್ಬರು, ಆ ದೇವರುಗಳ ಮಾತು ಕೇಳಿ ದೇಹಸಮೇತ ಆ ನಗರಕ್ಕೆ ನುಗ್ಗಿದರು. ಅವರ ಪಾಪದಿಂದ ಚಿನ್ನದ ನಗರ ಕಪ್ಪಾಯಿತು. ಮೇಕರ್ ಅವರನ್ನು ಕೆಳಕ್ಕೆ ದಬ್ಬಿದ. ಅವರೇ ಮೊದಲ ಡಾರ್ಕ್‌ಸ್ಪಾನ್ ಆದರು. ಚಾಂಟ್ರಿಯ ಪಂಚಾಂಗದಲ್ಲಿ ಇದು ಅವರ ಶಕೆ ಹುಟ್ಟುವುದಕ್ಕೂ 395 ವರ್ಷ ಹಿಂದಿನ ಮಾತು. ಒಟ್ಟಿನಲ್ಲಿ ತಪ್ಪು ಮನುಷ್ಯರ ಅಹಂಕಾರದ್ದು, ಅದರಲ್ಲೂ ಮಾಂತ್ರಿಕರದ್ದು. ಹಾಗಾಗಿ ಮಾಂತ್ರಿಕರನ್ನು ಗೋಪುರಗಳಲ್ಲಿ ಕೂಡಿಡಬೇಕು ಅನ್ನುವುದು ಚಾಂಟ್ರಿಯ ವಾದ.

ಎಲ್ಫ್‌ಗಳ ಕಥೆಯಲ್ಲಿ ಬ್ಲೈಟ್ ಬಗ್ಗೆ ಮಾತೇ ಇಲ್ಲ. ಅವರ ನೋವು ಬೇರೆ. ಎಲ್ಗಾರ್ನನ್, ಮಿಥಾಲ್, ಫಾಲನ್‌ದಿನ್, ದಿರ್ಥಮೆನ್, ಆಂಡ್ರುಯಿಲ್, ಸಿಲೇಸ್, ಜೂನ್, ಗಿಲನೈನ್ ಅಂತ ಎಂಟು ದೇವರುಗಳು. ಜೊತೆಗೆ ಫೆನ್‌ಹರೆಲ್ ಅನ್ನುವ ತೋಳ. ಅವನು ಎಲ್ಲರ ನಂಬಿಕೆ ಗಳಿಸಿ ದೇವರುಗಳನ್ನು ಕೂಡಿಹಾಕಿದ. ಅಂದಿನಿಂದ ಎಲ್ಫ್‌ಗಳು ದಿಕ್ಕಿಲ್ಲದವರಾದರು. ಅವರ ಬಿಡಾರಗಳಲ್ಲಿ ಇವತ್ತಿಗೂ ತೋಳದ ವಿಗ್ರಹವನ್ನು ಹೊರಕ್ಕೆ ಮುಖ ಮಾಡಿ ಇಡುತ್ತಾರೆ.

ಡ್ವಾರ್ಫ್‌ಗಳು ನೆಲದಡಿಯ ಜನ. ಅವರಿಗೆ ದೇವರು ಅಂತ ಇಲ್ಲ, ಕಲ್ಲಿನ ಮೇಲೆ ಭಕ್ತಿ. ಬ್ಲೈಟ್‌ನಿಂದ ತಮ್ಮ ನಗರಗಳನ್ನು ಒಂದೊಂದಾಗಿ ಕಳೆದುಕೊಂಡವರು ಅವರೇ. ಆದರೂ ಇದರ ಹುಟ್ಟಿನ ಬಗ್ಗೆ ಅವರ ಹತ್ತಿರ ಕಥೆ ಇಲ್ಲ. ಅವರ ಚರಿತ್ರೆಯ ದಾಖಲೆಗಳಲ್ಲಿ ಅಲ್ಲಲ್ಲಿ ಪೂರ್ತಿ ಖಾಲಿ ಬಿಟ್ಟ ಜಾಗಗಳಿವೆ. ಅವರ ಬಗ್ಗೆ ಇನ್ನೊಂದು ವಿಚಿತ್ರ ಸಂಗತಿಯನ್ನು ಆಟ ಮೊದಲಿಂದಲೂ ಹೇಳುತ್ತಾ ಬಂದಿದೆ. ಥೇಡಸ್‌ನ ಜನಾಂಗಗಳಲ್ಲಿ ಡ್ವಾರ್ಫ್‌ಗಳಿಗೆ ಮಾತ್ರ ಕನಸು ಬೀಳುವುದಿಲ್ಲ. ಅವರಲ್ಲಿ ಮಾಂತ್ರಿಕರು ಹುಟ್ಟುವುದಿಲ್ಲ.

ಬಹಳಷ್ಟು ಫ್ಯಾಂಟಸಿ ಆಟಗಳಲ್ಲಿ ಹಳೆ ಪುಸ್ತಕದಲ್ಲಿ ಬರೆದದ್ದೆಲ್ಲ ನಿಜ. ನಾವು ಓದುತ್ತೇವೆ, ನಂಬುತ್ತೇವೆ, ಮುಂದೆ ಹೋಗುತ್ತೇವೆ. ಡ್ರಾಗನ್ ಏಜ್‌ನಲ್ಲಿ ಹಾಗೆ ಮಾಡುವುದಕ್ಕೆ ಬರುವುದಿಲ್ಲ. ಇಲ್ಲಿ ಪ್ರತಿ ಕೋಡೆಕ್ಸ್ ಬರಹಕ್ಕೂ, ಅಂದರೆ ಆಟದೊಳಗೆ ಓದಲು ಸಿಗುವ ಪುಟಕ್ಕೂ, ಒಬ್ಬ ಬರೆದವನಿದ್ದಾನೆ. ಅವನಿಗೊಂದು ಊರು, ಒಂದು ಧರ್ಮ, ಒಂದು ಹಿತಾಸಕ್ತಿ ಇದೆ. ಇದನ್ನು ಮೊದಲು ಅರ್ಥ ಮಾಡಿಕೊಂಡ ಅಭಿಮಾನಿಗಳೇ ಒಳ್ಳೆಯ ಥಿಯರಿಗಳನ್ನು ಕಟ್ಟಿದರು. ಯಾರು ಹೇಳುತ್ತಿದ್ದಾರೆ? ಯಾವಾಗ ಬರೆದದ್ದು? ಇದನ್ನು ಜನ ನಂಬಿದರೆ ಯಾರಿಗೆ ಲಾಭ? ಈ ಮೂರು ಪ್ರಶ್ನೆ ಇಟ್ಟುಕೊಂಡು ಓದಿದರು.

ಬೆಂಗಳೂರಿನವರಿಗೆ ಈ ರೀತಿ ಹೊಸದಲ್ಲ. ನಮ್ಮೂರನ್ನು 1537ರಲ್ಲಿ ಕೆಂಪೇಗೌಡರು ಕಟ್ಟಿದರು ಅಂತ ಶಾಲೆಯಲ್ಲಿ ಓದಿದ್ದೇವೆ. ಆದರೆ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ, ಗಂಗರ ಕಾಲದ ಒಂದು ಶಾಸನ ಇದೆ. ಅದರಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಅಂದರೆ ಕೆಂಪೇಗೌಡರಿಗಿಂತ ಆರು ಶತಮಾನ ಮೊದಲೇ ಈ ಹೆಸರು ಇತ್ತು. ಹಾಗಂತ ಶಾಲೆಯ ಪಾಠ ಸುಳ್ಳಾ? ಅಲ್ಲ. ಕೋಟೆ, ಪೇಟೆ ಕಟ್ಟಿಸಿದ್ದು ಅವರೇ. ಎರಡು ದಾಖಲೆಯನ್ನೂ ಎದುರುಬದುರು ಇಟ್ಟಾಗ ಮಾತ್ರ ಪೂರ್ತಿ ಚಿತ್ರ ಸಿಗುತ್ತದೆ. ಅಭಿಮಾನಿಗಳು ಚಾಂಟ್ರಿಯ ಕಥೆಗೂ ಎಲ್ಫ್‌ಗಳ ಕಥೆಗೂ ಮಾಡಿದ್ದು ಇದನ್ನೇ. ಎರಡರಲ್ಲೂ ಅರ್ಧ ನಿಜ ಇದ್ದರೆ ಏನಾಗುತ್ತದೆ ಅಂತ ನೋಡಿದರು.

ಮೊದಲ ಬಿರುಕು ಕಂಡದ್ದು 2011ರಲ್ಲಿ

ಎರಡನೇ ಆಟಕ್ಕೆ ಲೆಗಸಿ ಅನ್ನುವ ಡಿಎಲ್‌ಸಿ, ಅಂದರೆ ಆಟ ಬಂದ ಮೇಲೆ ಸೇರಿಸುವ ಹೆಚ್ಚುವರಿ ಭಾಗ, ಬಂತು. ಅದರಲ್ಲಿ ಕೊರಿಫಿಯಸ್ ಸಿಗುತ್ತಾನೆ. ಇವನು ಚಿನ್ನದ ನಗರಕ್ಕೆ ನುಗ್ಗಿದ ಆ ಏಳು ಪುರೋಹಿತರಲ್ಲಿ ಒಬ್ಬ, ದೂಮತ್‌ನ ಪುರೋಹಿತ. ಗ್ರೇ ವಾರ್ಡನ್‌ಗಳು ಇವನನ್ನು ಸುಮಾರು ಸಾವಿರ ವರ್ಷ ಬಂಧಿಸಿಟ್ಟಿರುತ್ತಾರೆ. ಎಚ್ಚರವಾದಾಗ ಅವನು ಗೊಂದಲದಲ್ಲಿ ಮಾತಾಡುತ್ತಾನೆ. ಬಂಗಾರದ ಬೆಳಕನ್ನು ಹುಡುಕಿಕೊಂಡು ಹೋದೆವು, ಆದರೆ ಅಲ್ಲಿ ಇದ್ದದ್ದು ಕತ್ತಲೆ, ಕೊಳೆತದ್ದು ಅನ್ನುವ ಅರ್ಥ ಬರುವ ಮಾತು. ಮೂರು ವರ್ಷದ ನಂತರ ಇನ್‌ಕ್ವಿಸಿಷನ್‌ನಲ್ಲಿ ಅವನೇ ಮುಖ್ಯ ಖಳನಾಗಿ ಬಂದ. ದೇವರ ಸಿಂಹಾಸನ ಖಾಲಿ ಇತ್ತು ಅಂತ ಸಾರಿದ.

ಚಾಂಟ್ರಿ ಹೇಳುವ ಪ್ರಕಾರ ಇವರು ಹೋದ ಮೇಲೆ ನಗರ ಕಪ್ಪಾಯಿತು. ಕಣ್ಣಾರೆ ಕಂಡವನ ಪ್ರಕಾರ ಹೋಗುವಾಗಲೇ ಕಪ್ಪಾಗಿತ್ತು. ಅವನು ಸುಳ್ಳು ಹೇಳಬಹುದು. ಆದರೆ ಈ ಸುಳ್ಳಿನಿಂದ ಅವನಿಗೆ ಏನೂ ಸಿಗುವುದಿಲ್ಲ, ಅವನ ದನಿಯಲ್ಲಿ ಇರುವುದು ಬರೀ ಆಘಾತ. ಹಾಗಾಗಿ ಅಭಿಮಾನಿಗಳು ಅವನ ಮಾತಿಗೆ ಜಾಸ್ತಿ ತೂಕ ಕೊಟ್ಟರು. ಹಾಗಾದರೆ ಬ್ಲೈಟ್ ಆ ಏಳು ಜನರ ಪಾಪದಿಂದ ಹುಟ್ಟಿದ್ದಲ್ಲ. ಅದು ಅಲ್ಲಿ ಮೊದಲೇ ಇತ್ತು. ಯಾರೋ ಅದನ್ನು ಅಲ್ಲಿ ಇಟ್ಟಿದ್ದರು. ಇವರು ಹೋಗಿ ಬಾಗಿಲು ತೆಗೆದರು ಅಷ್ಟೇ.

ಅದನ್ನು ಅಲ್ಲಿ ಇಟ್ಟವರು ಯಾರು? ಇಲ್ಲಿಂದ ಥಿಯರಿಗಳು ಎಲ್ಫ್‌ಗಳ ಕಡೆ ತಿರುಗಿದವು. ಇನ್‌ಕ್ವಿಸಿಷನ್‌ನಲ್ಲಿ ಮಿಥಾಲ್ ಸೆರೆಯಾಗಲಿಲ್ಲ, ಕೊಲೆಯಾದಳು ಅನ್ನುವುದು ಗೊತ್ತಾಯಿತು. ಅವಳ ಅಂಶ ಫ್ಲೆಮೆತ್ ಅನ್ನುವ ಮುದುಕಿಯೊಳಗೆ ಬದುಕಿದೆ ಅನ್ನುವುದೂ ತಿಳಿಯಿತು. ಎಂಟರಲ್ಲಿ ಒಬ್ಬಳು ಹೋದರೆ ಸೆರೆಯಲ್ಲಿ ಉಳಿಯುವವರು ಏಳು. ನಾನು ಶುರುವಿನಲ್ಲಿ ಹೇಳಿದ ಏಳರ ಲೆಕ್ಕ ಇದೇ. ಹಳೆ ದೇವರುಗಳು ಏಳು, ಸೆರೆಯಲ್ಲಿರುವ ಎಲ್ಫ್ ದೇವರುಗಳು ಏಳು. ಇಬ್ಬರೂ ಕಾಣದ ಜಾಗದಲ್ಲಿ ಬಂಧನದಲ್ಲಿದ್ದಾರೆ, ಇಬ್ಬರೂ ಅಲ್ಲಿಂದಲೇ ಹೊರಗಿನವರ ಕಿವಿಯಲ್ಲಿ ಪಿಸುಗುಡುತ್ತಾರೆ.

2015ರಲ್ಲಿ ಬಂದ ಟ್ರೆಸ್‌ಪಾಸರ್ ಡಿಎಲ್‌ಸಿ ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಇಡೀ ಇನ್‌ಕ್ವಿಸಿಷನ್‌ನಲ್ಲಿ ನಮ್ಮ ಜೊತೆಗಿದ್ದ ಸೋಲಸ್ ತಾನೇ ಫೆನ್‌ಹರೆಲ್ ಅಂತ ಬಾಯಿಬಿಡುತ್ತಾನೆ. ಆ ಎಂಟು ಜನ ನಿಜವಾದ ದೇವರುಗಳೇ ಅಲ್ಲ, ಶಕ್ತಿಶಾಲಿ ಮಾಂತ್ರಿಕರು ಅನ್ನುತ್ತಾನೆ. ಯುದ್ಧದಲ್ಲಿ ಸೇನಾಪತಿಗಳಾದರು, ಯುದ್ಧ ಮುಗಿದ ಮೇಲೆ ಹಿರಿಯರಾದರು, ಆಮೇಲೆ ರಾಜರಾದರು, ಕೊನೆಗೆ ದೇವರುಗಳಾದರು. ಅವರ ಗುಂಪಿನ ಹೆಸರು ಇವನೂರಿಸ್. ಅವರು ತಮ್ಮ ಜನರನ್ನೇ ಗುಲಾಮರನ್ನಾಗಿ ಮಾಡಿಕೊಂಡಿದ್ದರು. ಮಿಥಾಲ್‌ಳನ್ನು ಕೊಂದವರೂ ಅವರೇ. ಅದಕ್ಕೇ ಸೋಲಸ್ ಅವರನ್ನು ಕೂಡಿಹಾಕಿ, ಎಚ್ಚರದ ಲೋಕಕ್ಕೂ ಕನಸಿನ ಲೋಕಕ್ಕೂ ನಡುವೆ ವೇಲ್ ಅನ್ನುವ ಪರದೆ ಕಟ್ಟಿದ.

ಆದರೂ ಮುಖ್ಯ ಪ್ರಶ್ನೆ ಹಾಗೇ ಉಳಿದಿತ್ತು. ಸೆರೆಮನೆ ಯಾರದ್ದು ಅಂತ ಗೊತ್ತಾಯಿತು. ಸೆರೆಮನೆಯೊಳಗಿನ ಸೋಂಕು ಎಲ್ಲಿಂದ ಬಂತು?

ಹಾಡು ಮತ್ತು ಕನಸು

ನನ್ನ ಮಟ್ಟಿಗೆ ಇಡೀ ಸರಣಿಯ ಅತ್ಯಂತ ಜಾಣ ಥಿಯರಿ ಇಲ್ಲೇ ಇದೆ. ಅದರ ಸುಳಿವುಗಳು ದೇವರುಗಳ ಕಥೆಯಲ್ಲಿ ಇರಲಿಲ್ಲ. ಯಾರೂ ಜಾಸ್ತಿ ಗಮನ ಕೊಡದ ಡ್ವಾರ್ಫ್‌ಗಳ ಗಣಿಯಲ್ಲಿ ಇದ್ದವು.

ಲೈರಿಯಂ ಅನ್ನುವ ನೀಲಿ ಖನಿಜವನ್ನು ಡ್ವಾರ್ಫ್‌ಗಳು ಅಗೆಯುತ್ತಾರೆ. ಮಾಂತ್ರಿಕರಿಗೆ ಅದರಿಂದ ಶಕ್ತಿ. ಅವರನ್ನು ಕಾಯುವ ಟೆಂಪ್ಲರ್ ಯೋಧರಿಗೆ ಅದೇ ಔಷಧ, ಅದೇ ಚಟ. ಲೈರಿಯಂ ಹತ್ತಿರ ಇದ್ದವರು ಅದು ಹಾಡುತ್ತದೆ ಅನ್ನುತ್ತಾರೆ. ಎರಡನೇ ಆಟದಲ್ಲಿ ಕೆಂಪು ಲೈರಿಯಂ ಕಾಣಿಸಿಕೊಂಡಿತು. ತೀರಾ ಹಳೆಯ, ಮರೆತುಹೋದ ಒಂದು ಡ್ವಾರ್ಫ್ ನೆಲೆಯಲ್ಲಿ ಅದರಿಂದ ಮಾಡಿದ ವಿಗ್ರಹ ಸಿಗುತ್ತದೆ. ತಂದವನಿಗೆ ಹುಚ್ಚು ಹಿಡಿಯುತ್ತದೆ. ಅದರಿಂದ ಕತ್ತಿ ಮಾಡಿಸಿಕೊಂಡ ಟೆಂಪ್ಲರ್‌ಗಳ ಮುಖ್ಯಸ್ಥೆ ಮೆರೆಡಿತ್ ಕೊನೆಗೆ ತಾನೇ ಕೆಂಪು ಕಲ್ಲಾಗಿ ನಿಲ್ಲುತ್ತಾಳೆ. ಇನ್‌ಕ್ವಿಸಿಷನ್‌ನಲ್ಲಿ ಬಿಯಾಂಕಾ ಅನ್ನುವ ಡ್ವಾರ್ಫ್ ಕುಶಲಕರ್ಮಿ ಇದರ ಗುಟ್ಟು ಹೇಳುತ್ತಾಳೆ. ಕೆಂಪು ಲೈರಿಯಂ ಅಂದರೆ ಬ್ಲೈಟ್ ತಗಲಿದ ಲೈರಿಯಂ. ಆದರೆ ಕಲ್ಲಿಗೆ, ಲೋಹಕ್ಕೆ ಬ್ಲೈಟ್ ತಗಲುವುದಿಲ್ಲ. ಅಂದರೆ ಲೈರಿಯಂಗೆ ಜೀವ ಇದೆ.

ಅದು ಯಾರ ಜೀವ? ಇದಕ್ಕೆ ಡಿಸೆಂಟ್ ಡಿಎಲ್‌ಸಿ ಉತ್ತರ ಕೊಟ್ಟಿತು. ಅದೂ 2015ರದ್ದೇ. ನೆಲದ ತೀರಾ ಆಳಕ್ಕೆ ಇಳಿದಾಗ ಅಲ್ಲಿ ಒಂದು ಟೈಟನ್ ಇರುತ್ತದೆ. ಬೆಟ್ಟದಷ್ಟು, ಬೆಟ್ಟಕ್ಕಿಂತಲೂ ದೊಡ್ಡ ಜೀವ. ನಾವು ಗುಹೆ ಅಂದುಕೊಂಡು ನಡೆದಾಡಿದ್ದು ಅದರ ದೇಹದೊಳಗೆ. ನೀಲಿ ಗೆರೆಗಳಾಗಿ ಹರಿಯುವ ಲೈರಿಯಂ ಅದರ ರಕ್ತ. ಮೊದಲ ಸಲ ಅದರ ಎದೆಬಡಿತದ ಹತ್ತಿರ ಹೋದಾಗ ನನಗೆ ಮೈ ಜುಮ್ಮೆಂದಿತು. ಒರಿಜಿನ್ಸ್‌ನಿಂದ ಇಲ್ಲಿವರೆಗೆ ನಾನು ಕುಡಿದ ಅಷ್ಟೂ ಲೈರಿಯಂ ಬಾಟಲಿ ಒಂದೇ ಕ್ಷಣದಲ್ಲಿ ನೆನಪಾದವು.

ಈಗ ತುಂಡುಗಳನ್ನು ಜೋಡಿಸಿ. ಡಾರ್ಕ್‌ಸ್ಪಾನ್‌ಗೆ ಹಾಡು ಕೇಳಿಸುತ್ತದೆ. ಲೈರಿಯಂ ಕೂಡ ಹಾಡುತ್ತದೆ. ಬ್ಲೈಟ್ ತಗಲಿದ ಲೈರಿಯಂನ ಹಾಡು ಬೇರೆ ಥರ ಇರುತ್ತದೆ. ಇನ್ನೊಂದು ಕಡೆ ನೋಡಿ, ಡ್ವಾರ್ಫ್‌ಗಳಿಗೆ ಕನಸಿಲ್ಲ. ಥೇಡಸ್‌ನಲ್ಲಿ ಕನಸಿಲ್ಲದ ಇನ್ನೊಂದು ಗುಂಪಿದೆ. ಚಾಂಟ್ರಿ ತನಗೆ ಅಪಾಯ ಅನ್ನಿಸಿದ ಮಾಂತ್ರಿಕರ ಹಣೆಗೆ ಲೈರಿಯಂನಿಂದ ಬರೆ ಹಾಕುತ್ತದೆ. ಬರೆ ಬಿದ್ದವರು ಫೇಡ್‌ನಿಂದ ಕಡಿದುಹೋಗುತ್ತಾರೆ. ಕನಸು, ಸಿಟ್ಟು, ಪ್ರೀತಿ ಎಲ್ಲ ಹೋಗುತ್ತದೆ. ಅವರನ್ನು ಟ್ರಾಂಕ್ವಿಲ್ ಅನ್ನುತ್ತಾರೆ. ಒಬ್ಬ ಮನುಷ್ಯನಿಗೆ ಹೀಗೆ ಮಾಡಬಹುದಾದರೆ, ಹಿಂದೊಮ್ಮೆ ಒಂದು ಇಡೀ ಜನಾಂಗಕ್ಕೇ ಯಾರೋ ಮಾಡಿರಬಹುದಲ್ವಾ? ಡ್ವಾರ್ಫ್‌ಗಳು ಟೈಟನ್‌ಗಳ ಮಕ್ಕಳಾಗಿದ್ದರೆ, ಟೈಟನ್‌ಗಳ ಕನಸನ್ನೇ ಯಾರೋ ಕಡಿದಿದ್ದರೆ, ಮಕ್ಕಳಿಗೂ ಕನಸು ಹೋಯಿತು ಅಂತ ಆಯಿತು. ಟ್ರೆಸ್‌ಪಾಸರ್‌ನ ಬರಹಗಳಲ್ಲಿ ಮಿಥಾಲ್ ನೆಲದ ಕಂಬಗಳನ್ನು (ಅಂದರೆ ಟೈಟನ್‌ಗಳನ್ನು) ಉರುಳಿಸಿ ಅವರ ಜಾಗವನ್ನು ತನ್ನ ಜನರಿಗೆ ಕೊಟ್ಟಳು ಅಂತ ಹೊಗಳಿ ಬರೆದಿರುವುದು ಸಿಗುತ್ತದೆ. ನೆಲದಡಿ ಇವನೂರಿಸ್‌ಗೆ ಏನೋ ಸಿಕ್ಕಿತು, ದುರಾಸೆಯಿಂದ ಅದನ್ನು ಬಿಟ್ಟರೆ ಎಲ್ಲರೂ ನಾಶ, ಈ ಜಾಗ ಮುಚ್ಚಿಬಿಡಿ ಅನ್ನುವ ಎಚ್ಚರಿಕೆಯೂ ಅಲ್ಲೇ ಇದೆ. ಒಂದು ಕಡೆ ವಿಜಯದ ಹಾಡು, ಪಕ್ಕದಲ್ಲೇ ಹೆದರಿದವರ ಚೀಟಿ.

ಕೊನೆಗೂ ಸಿಕ್ಕಿದ ಉತ್ತರ

ವೇಲ್‌ಗಾರ್ಡ್‌ನಲ್ಲಿ ಸೋಲಸ್‌ನ ಹಳೆ ನೆನಪುಗಳನ್ನು ಒಂದೊಂದಾಗಿ ನೋಡುತ್ತಾ ಹೋಗುತ್ತೇವೆ. ಅಲ್ಲಿ ಎಲ್ಲ ಬಯಲಾಗುತ್ತದೆ. ಎಲ್ಫ್‌ಗಳು ಮೊದಲು ದೇಹವಿಲ್ಲದ ಚೇತನಗಳಾಗಿದ್ದರು. ದೇಹ ಬೇಕು ಅನ್ನಿಸಿತು. ದೇಹ ಮಾಡಿಕೊಳ್ಳಲು ಲೈರಿಯಂ, ಅಂದರೆ ಟೈಟನ್‌ಗಳ ರಕ್ತ ತೆಗೆದುಕೊಂಡರು. ಟೈಟನ್‌ಗಳು ಸಿಟ್ಟಿಗೆದ್ದು ಭೂಮಿಯನ್ನು ನಡುಗಿಸಿದವು. ಯುದ್ಧವಾಯಿತು. ಗೆಲ್ಲುವ ದಾರಿ ಕಾಣದೆ, ಮಿಥಾಲ್ ಕೇಳಿದ್ದಕ್ಕೆ ಸೋಲಸ್ ಒಂದು ಲೈರಿಯಂ ಚೂರಿ ಮಾಡಿಕೊಟ್ಟ. ಅದರಿಂದ ಟೈಟನ್‌ಗಳ ಕನಸನ್ನು ಅವುಗಳ ದೇಹದಿಂದ ಕಡಿದರು. ಎರಡನೇ ಆಟದ ಕೆಂಪು ವಿಗ್ರಹದೊಳಗೆ ಅಡಗಿದ್ದದ್ದೂ ಇದೇ ಚೂರಿ.

ಟೈಟನ್‌ಗಳ ದೇಹ ನಿದ್ದೆಗೆ ಬಿತ್ತು. ಕಡಿದ ಕನಸು ಸಾಯಲಿಲ್ಲ. ನೋವಿನಿಂದ, ಸಿಟ್ಟಿನಿಂದ ಅದಕ್ಕೆ ಹುಚ್ಚು ಹಿಡಿಯಿತು. ಬ್ಲೈಟ್ ಅಂದರೆ ಅದೇ.

ಅದನ್ನು ಕೂಡಿಟ್ಟರು. ಆಮೇಲೆ ಇವನೂರಿಸ್ ಅದರಿಂದಲೇ ಶಕ್ತಿ ಪಡೆಯಲು ಕೈಹಾಕಿದರು. ವಿರೋಧಿಸಿದ ಮಿಥಾಲ್ ಸತ್ತಳು. ಸೋಲಸ್ ಉಳಿದವರನ್ನು ಬ್ಲೈಟ್ ಸಮೇತ ಬಂಧಿಸಿದ. ಸಾವಿರಾರು ವರ್ಷದ ನಂತರ ಟೆವಿಂಟರ್‌ನ ಏಳು ಜನ ಆ ಸೆರೆಮನೆಗೆ ಕನ್ನ ಹಾಕಿದರು, ಸೋಂಕು ಹೊರಗೆ ಸೋರಿತು.

ಹಾಗಾದರೆ ಏಳರ ಲೆಕ್ಕ? ಅದು ಮುಕ್ಕಾಲು ಪಾಲು ಸರಿಯಾಗಿತ್ತು. ಹಳೆ ದೇವರುಗಳು ಮತ್ತು ಇವನೂರಿಸ್ ಒಬ್ಬರೇ ಅಲ್ಲ. ಆದರೆ ಒಬ್ಬೊಬ್ಬ ಇವನೂರಿಸ್‌ನ ಜೀವ ಒಂದೊಂದು ಡ್ರ್ಯಾಗನ್‌ಗೆ ಕಟ್ಟಿತ್ತು. ಡ್ರ್ಯಾಗನ್ ಬದುಕಿರುವವರೆಗೆ ಒಡೆಯನಿಗೆ ಸಾವಿಲ್ಲ. ಐದು ಬ್ಲೈಟ್‌ಗಳಲ್ಲಿ ಐದು ಆರ್ಚ್‌ಡೀಮನ್ ಸತ್ತಾಗ, ಯಾರಿಗೂ ಗೊತ್ತಿಲ್ಲದೆ ಸೆರೆಮನೆಯಲ್ಲಿದ್ದ ಐದು ಎಲ್ಫ್ ದೇವರುಗಳ ಕಥೆಯೂ ಮುಗಿದಿತ್ತು. ಉಳಿದವರು ಇಬ್ಬರು. ರಝಿಕೇಲ್‌ಗೆ ಕಟ್ಟಿಕೊಂಡ ಗಿಲನೈನ್, ಲೂಸಕನ್‌ಗೆ ಕಟ್ಟಿಕೊಂಡ ಎಲ್ಗಾರ್ನನ್. ನಾಲ್ಕನೇ ಆಟದಲ್ಲಿ ತಪ್ಪಿಸಿಕೊಂಡು ಬರುವವರು ಅವರೇ. ಗ್ರೇ ವಾರ್ಡನ್‌ಗಳು ಯಾವ ದೇವರನ್ನು ಕೊಲ್ಲುತ್ತಿದ್ದೇವೆ ಅಂತ ಗೊತ್ತಿಲ್ಲದೆಯೇ ಕೊಲ್ಲುತ್ತಾ ಬಂದಿದ್ದರು. ಇದನ್ನು ನೆನೆದರೆ ನನಗೆ ಅವರ ಮೇಲಿನ ಗೌರವ ಇನ್ನೂ ಜಾಸ್ತಿಯಾಗುತ್ತದೆ.

ಈ ಉತ್ತರ ನನಗೆ ಯಾಕೆ ಇಷ್ಟ ಅಂತ ಹೇಳಬೇಕು. ಫ್ಯಾಂಟಸಿ ಕಥೆಗಳಲ್ಲಿ ಸೋಂಕು ಸಾಮಾನ್ಯವಾಗಿ ಹೊರಗಿನಿಂದ ಬರುತ್ತದೆ. ಎಲ್ಲೋ ಆಕಾಶದಾಚೆ ಒಂದು ದುಷ್ಟ ಶಕ್ತಿ ಇರುತ್ತದೆ. ಅದಕ್ಕೆ ಕಾರಣ ಬೇಕಿಲ್ಲ, ಕೆಟ್ಟದ್ದಾಗಿರುವುದೇ ಅದರ ಗುಣ. ಇಲ್ಲಿ 15 ವರ್ಷ ನಾವು ಕತ್ತಿ ಹಿಡಿದು ಎದುರಿಸಿದ ಸೋಂಕು ಒಬ್ಬ ಸಂತ್ರಸ್ತನ ನೋವು. ಮನೆಗೆ ನುಗ್ಗಿದವರು ದೇವರುಗಳಾಗಿ ಪೂಜೆ ಮಾಡಿಸಿಕೊಂಡರು. ರಕ್ತ ಕಳೆದುಕೊಂಡವರ ನೆನಪು ಸ್ವಂತ ಮಕ್ಕಳಿಗೂ ಉಳಿಯಲಿಲ್ಲ. ವೇಲ್‌ಗಾರ್ಡ್‌ನಲ್ಲಿ ಹಾರ್ಡಿಂಗ್ ಅನ್ನುವ ಡ್ವಾರ್ಫ್ ಹುಡುಗಿ ಆ ಚೂರಿಯನ್ನು ಮುಟ್ಟುತ್ತಾಳೆ, ಟೈಟನ್‌ಗಳ ಸಿಟ್ಟು ಅವಳೊಳಗೆ ಎಚ್ಚರವಾಗುತ್ತದೆ. ಎಲ್ಲರಿಗೂ ನಗುನಗುತ್ತಾ ಒಳ್ಳೆಯವಳಾಗಿದ್ದ ಅವಳಿಗೆ ಆ ಸಿಟ್ಟನ್ನು ಏನು ಮಾಡಬೇಕು ಅಂತ ತೋಚುವುದಿಲ್ಲ. ಆಟದ ದೊಡ್ಡ ಯುದ್ಧಗಳಿಗಿಂತ ಅವಳ ಈ ಸಣ್ಣ ಕಥೆಯಲ್ಲಿ ವಿಷಯ ಹೆಚ್ಚು ಚೆನ್ನಾಗಿ ಬಂದಿದೆ.

ಅದಕ್ಕೇ ವೇಲ್‌ಗಾರ್ಡ್‌ನ ಕೊನೆಯ ಗುಟ್ಟಿನ ದೃಶ್ಯದ ಬಗ್ಗೆ ನನಗೆ ಬೇಸರ ಇದೆ. ಆಟದಲ್ಲಿ ಕೆಲವು ಅಡಗಿಸಿಟ್ಟ ಗುರುತುಗಳನ್ನು ಹುಡುಕಿದವರಿಗೆ ಮಾತ್ರ ಅದು ಸಿಗುತ್ತದೆ. ಸಮುದ್ರದಾಚೆಯ ಎಕ್ಸಿಕ್ಯೂಟರ್‌ಗಳು ಅನ್ನುವ ಗುಂಪು, ಹಿಂದಿನ ಆಟಗಳ ದೊಡ್ಡ ಘಟನೆಗಳ ಹಿಂದೆ ತಮ್ಮ ಪಿಸುಮಾತು ಇತ್ತು ಅನ್ನುತ್ತದೆ. ನಮ್ಮ ಗೆಳೆಯರ ಗುಂಪಿನಲ್ಲಿ ಇದೇ ವಿಷಯಕ್ಕೆ ಜಯನಗರ ನಾಲ್ಕನೇ ಬ್ಲಾಕ್‌ನ ಹೋಟೆಲಲ್ಲಿ ಕಾಫಿ ಆರಿಹೋಗುವಷ್ಟು ವಾದ ನಡೆದಿದೆ. "ಪಿಸುಗುಟ್ಟಿದ್ರು ಅಷ್ಟೇ ಕಣೇ, ಮಾಡಿದ್ದು ಇವರೇ ತಾನೇ" ಅನ್ನುತ್ತಾಳೆ ಗೆಳತಿ. ಅವಳ ಮಾತಿನಲ್ಲಿ ಹುರುಳಿದೆ. ಆದರೂ ಮೊದಲ ಆಟದಲ್ಲಿ ಒಬ್ಬ ಸೇನಾಪತಿ ರಾಜನನ್ನು ರಣರಂಗದಲ್ಲಿ ಕೈಬಿಟ್ಟದ್ದು, ಎರಡನೆಯದರಲ್ಲಿ ಒಬ್ಬ ಅಣ್ಣ ತಮ್ಮನನ್ನು ಗುಹೆಯಲ್ಲಿ ಬಿಟ್ಟು ಬಂದದ್ದು ಅವರದೇ ಹೆದರಿಕೆ, ಅವರದೇ ಆಸೆ ಆಗಿದ್ದಾಗ ಮನಸ್ಸಿಗೆ ತಟ್ಟಿತ್ತು. ಅದರ ಹಿಂದೆ ಇನ್ನೊಬ್ಬರ ಕೈ ಬೇಕಿರಲಿಲ್ಲ.

ಎಲ್ಲ ಥಿಯರಿಗಳೂ ಗೆದ್ದಿಲ್ಲ. ಆಂಡ್ರುಯಿಲ್ ಬಗ್ಗೆ ಇನ್‌ಕ್ವಿಸಿಷನ್‌ನಲ್ಲಿ ಒಂದು ಕಥೆ ಇದೆ. ಬೇಟೆಯ ಹುಚ್ಚಿನಲ್ಲಿ ಅವಳು ವಾಯ್ಡ್ ಅನ್ನುವ ಶೂನ್ಯಕ್ಕೆ ಹೋಗುತ್ತಾಳೆ. ಅಲ್ಲಿಂದ ಬೇರೆ ರಕ್ಷಾಕವಚ ತೊಟ್ಟು, ಮತಿಗೆಟ್ಟು ಮರಳುತ್ತಾಳೆ. ಅವಳ ನಾಡಿಗೆ ಪಿಡುಗು ಬರುತ್ತದೆ. ಮಿಥಾಲ್ ಹಾವಾಗಿ ಹೋರಾಡಿ, ಶೂನ್ಯಕ್ಕೆ ಹೋಗುವ ದಾರಿಯ ನೆನಪನ್ನೇ ಅವಳಿಂದ ಕಸಿದುಕೊಳ್ಳುತ್ತಾಳೆ. ಇದನ್ನು ನಂಬಿದವರು ಬ್ಲೈಟ್ ಶೂನ್ಯದಿಂದ ಬಂತು ಅಂತ ಬಲವಾಗಿ ವಾದಿಸಿದ್ದರು. ಈಗ ನೋಡಿದರೆ ಆ ಶೂನ್ಯ ಅನ್ನುವುದು ಟೈಟನ್‌ಗಳ ಕಡಿದ ಕನಸನ್ನು ಇಟ್ಟಿದ್ದ ಜಾಗವೇ ಇರಬಹುದು ಅಂತ ನನಗೆ ಅನ್ನಿಸುತ್ತದೆ. ಆಂಡ್ರುಯಿಲ್ ಅದನ್ನು ಮೊದಲು ಹುಡುಕಿದವಳು, ಉಳಿದವರು ಅವಳ ಹಿಂದೆ ಹೋದವರು. ಆಟ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳಿಲ್ಲ.

ಮೇಕರ್ ಇದ್ದಾನಾ ಅನ್ನುವ ಪ್ರಶ್ನೆಗೂ ಉತ್ತರ ಸಿಕ್ಕಿಲ್ಲ. ಸಿಂಹಾಸನ ಖಾಲಿ ಇತ್ತು ಅನ್ನುವುದರಿಂದ ಅವನಿಲ್ಲ ಅಂತ ಆಗುವುದಿಲ್ಲ. ಕೊರಿಫಿಯಸ್ ಹೋದದ್ದು ಮೇಕರ್‌ನ ಮನೆಗೇ ಅಲ್ಲವಲ್ಲ, ಬೇರೆಯವರ ಸೆರೆಮನೆಗೆ. ಸತ್ತ ಐದು ಡ್ರ್ಯಾಗನ್‌ಗಳಲ್ಲಿ ಯಾವುದು ಯಾವ ಇವನೂರಿಸ್‌ನದು ಅನ್ನುವ ವಾದವೂ ಜೋರಾಗಿ ನಡೆದಿದೆ. ಸಾವಿನ ಜೊತೆಗಾರ ಫಾಲನ್‌ದಿನ್‌ಗೆ ಮೌನದ ದೇವರು ದೂಮತ್ ಸರಿಹೊಂದುತ್ತಾನೆ ಅಂತ ನಾನು, ಗುಟ್ಟುಗಳ ಒಡೆಯ ದಿರ್ಥಮೆನ್‌ಗೇ ಮೌನ ಒಪ್ಪುತ್ತದೆ ಅಂತ ಅಕ್ಕನ ಮಗ. ಅವನು ಈಗ ಎರಡನೇ ಆಟ ಶುರು ಮಾಡಿದ್ದಾನೆ. ಪುರಾತನ ನೆಲೆಯಲ್ಲಿ ಆ ಕೆಂಪು ವಿಗ್ರಹ ಸಿಗುವ ಕಡೆ ಗೋಡೆಗಳನ್ನು ನಿಧಾನವಾಗಿ ನೋಡು, ಅಲ್ಲಿ ಸಿಗುವ ಕೋಡೆಕ್ಸ್ ಒಂದನ್ನೂ ಬಿಡಬೇಡ ಅಂತ ಹೇಳಿದ್ದೇನೆ.